ಮೇಲಿನ ತಿಳಿ

ಹೋದ ವಾರ ನನ್ನ ತಂಗಿಯ ಮಗ ಜಮಖಂಡಿಯಿಂದ ಬರುವಾಗ ನನಗೊಂದು ಡಬ್ಬಿ ತಂದ. ಬಂಗಾರದ ಬಣ್ಣದ ಮುಚ್ಚಳ. ಮೈಮೇಲೊಂದು ಚಿತ್ರ. ತಲೆ ಪೂರ್ತಿ ಬೆಳ್ಳಗಾದ ಗಂಡ ಹೆಂಡತಿ, ಕಾಲಿಗೆ ಬೂಟು, ಬಾಯ್ತುಂಬ ಹಲ್ಲು, ಇಬ್ಬರೂ ನಗುತ್ತ ಓಡುತ್ತಿದ್ದಾರೆ. ನಮ್ಮ ಬನಹಟ್ಟಿಯಲ್ಲಿ ಆ ವಯಸ್ಸಿನವರು ಹಾಗೆ ಓಡಿದರೆ ಯಾವುದೋ ನಾಯಿ ಬೆನ್ನು ಹತ್ತಿದೆ ಎಂದು ಜನ ಕಲ್ಲು ಹುಡುಕುತ್ತಾರೆ.

"ದೊಡ್ಡವ್ವಾ, ಇದು ಪ್ರೋಟೀನ್ ಪುಡಿ. ದಿನಾ ಎರಡ ಚಮಚ ಹಾಲಿನ್ಯಾಗ ಹಾಕ್ಕೊಂಡು ಕುಡಿ," ಎಂದ.

"ನನಗ್ಯಾಕೋ ಇದು? ನಾ ಏನ್ ಕುಸ್ತಿ ಹಿಡಿಯಾಕಿ ಏನು?"

"ಕುಸ್ತಿ ಬ್ಯಾಡ. ಹ್ವಾದ ಸಲ ಬಂದಾಗ ನೋಡೇನಿ ನಾ. ನಮಗೆಲ್ಲಾ ಗಟ್ಟಿ ಬ್ಯಾಳಿ ನೀಡಿ, ನಿನ್ನ ತಾಟಿಗೆ ಬರೇ ಮ್ಯಾಲಿನ ನೀರ ಹಾಕ್ಕೊಂಡಿ."

ಸಿಕ್ಕಿಬಿದ್ದ ಕಳ್ಳಿಯ ಹಾಗೆ ಡಬ್ಬಿ ಕೈಗೆ ತೆಗೆದುಕೊಂಡೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಅದಕ್ಕಿಂತ ಹೆಚ್ಚಾಗಿ, ಈ ಮೇಲಿನ ನೀರಿನ ವಿಷಯದಲ್ಲಿ ಒಮ್ಮೆ ಒಳ್ಳೆಯ ಪೆಟ್ಟು ತಿಂದು ಬುದ್ಧಿ ಕಲಿತವಳು. ಆದರೂ ಕೈ ಕೇಳುವುದಿಲ್ಲ ನೋಡಿ.

ಬೇಳೆ ಬೇಯಿಸಿ ಇಳಿಸಿದ ಗಡಿಗೆಯನ್ನು ಸ್ವಲ್ಪ ಹೊತ್ತು ಹಾಗೇ ಬಿಡಿ. ಬೇಳೆ ತಳ ಸೇರುತ್ತದೆ, ತಿಳಿ ಮೇಲೆ ನಿಲ್ಲುತ್ತದೆ. ಆಮೇಲೆ ಬಡಿಸುವವಳ ಸೌಟು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದರ ಮೇಲೆ ಯಾರ ತಾಟಿಗೆ ಏನು ಎಂಬುದು ತೀರ್ಮಾನವಾಗುತ್ತದೆ. ಚಿಮ್ಮಡದ ನಮ್ಮ ತವರುಮನೆಯಲ್ಲಿ ನನ್ನಜ್ಜಿ ಬಡಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹೊಲದಿಂದ ಬಂದ ಗಂಡಸರಿಗೆ ಸೌಟು ತಳಕ್ಕೆ ಬಡಿದು ಟಣ್ ಎನ್ನುತ್ತಿತ್ತು. ಗಂಡುಹುಡುಗರಿಗೂ ಅದೇ ಸದ್ದು. ನಮ್ಮಂಥ ಹುಡುಗಿಯರಿಗೆ ನಡುಮಟ್ಟ. ಕೊನೆಗೆ ತಾನು ಕೂತಾಗ ಸೌಟು ನೀರಿನ ಮೇಲೆ ತೇಲಿದ ಹಾಗೆ ಹೋಗಿ ಬರುತ್ತಿತ್ತು, ಸದ್ದೇ ಇಲ್ಲ. ಕಣ್ಣು ಮುಚ್ಚಿಕೊಂಡು ಕೂತರೂ ಯಾರ ಸರದಿ ಎಂದು ಹೇಳಬಹುದಾಗಿತ್ತು. ಇದನ್ನು ಯಾರೂ ಅನ್ಯಾಯ ಎನ್ನಲಿಲ್ಲ. ಅಜ್ಜಿಯಂತೂ ತಿಳಿ ಬಲು ರುಚಿ ಎನ್ನುತ್ತಿದ್ದಳು, ನಾವು ನಂಬುತ್ತಿದ್ದೆವು.

ಮೈಕಟ್ಟಿನ ಬಗ್ಗೆ ನಮ್ಮ ಕಡೆ ಗೊತ್ತಿರಲಿಲ್ಲವೆಂದಲ್ಲ, ಬಹಳ ಗೊತ್ತಿತ್ತು. ಓಣಿಯ ಪೈಲ್ವಾನನಿಗೆ ಬಾದಾಮಿ ಅರೆದು ಹಾಲಿಗೆ ಹಾಕುವುದನ್ನು ನೋಡಲೆಂದೇ ನಾವು ಗರಡಿಮನೆಯ ಮುಂದೆ ನಿಲ್ಲುತ್ತಿದ್ದೆವು. ಮುಧೋಳದ ನಮ್ಮ ಸೋದರಮಾವ ಒಂದು ಬೇಟೆನಾಯಿ ಸಾಕಿದ್ದ. ಅದಕ್ಕೆ ದಿನಾ ಹಾಲು, ರೊಟ್ಟಿ, ಮೇಲೊಂದು ತತ್ತಿ. ನಮ್ಮದು ತತ್ತಿ ಮುಟ್ಟದ ಮನೆತನವಾದ್ದರಿಂದ ಮಾವ ಅದನ್ನು ಹಿತ್ತಲಲ್ಲೇ, ಬೇರೆ ಒಲೆಯ ಮೇಲೆ ಕೈಯಾರೆ ಬೇಯಿಸುತ್ತಿದ್ದ. ಬಂದ ಬೀಗರೆಲ್ಲ ಆ ನಾಯಿಯ ತೊಡೆ ಸವರಿ, "ಏನ್ ಛಲೋ ಸಾಕೀರಿ ಮಾರಾಯರ," ಎಂದು ಹೊಗಳುತ್ತಿದ್ದರು. ಅದೇ ಮನೆಯಲ್ಲಿ ಮಾವನ ಮುದಿತಾಯಿ, ಅಂದರೆ ನನ್ನ ತಾಯಿಯ ತಾಯಿ, ಗೋಡೆ ಹಿಡಿದು ಹಿತ್ತಲಿಗೆ ಹೋಗಿಬರುತ್ತಿದ್ದಳು. ಅವಳ ತೊಡೆಯಲ್ಲಿ ಏನು ಉಳಿದಿದೆ ಎಂದು ಯಾರೂ ವಿಚಾರ ಮಾಡಲಿಲ್ಲ. ವಯಸ್ಸಾದ ಮೇಲೆ ಕಾಲು ಸೋಲುವುದು ಚಳಿಗಾಲದಲ್ಲಿ ತುಟಿ ಒಡೆದಷ್ಟೇ ಸಹಜ ಎಂದು ನಾವೆಲ್ಲ ತಿಳಿದಿದ್ದೆವು.

ಮದುವೆಯಾಗಿ ಬನಹಟ್ಟಿಗೆ ಬಂದೆ. ನಮ್ಮದು ನೇಕಾರರ ಮನೆ. ನನ್ನ ಗಂಡ, ನಮ್ಮ ಮನೆಯವರು, ಎರಡು ಪವರ್‌ಲೂಮ್ ಇಟ್ಟಿದ್ದರು. ಅತ್ತೆ ನೀಲವ್ವ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಲಾಳಿಯೊಳಗೆ ಇಡುವ ಕಂಡಿಕೆಗಳಿಗೆ ರಾಟೆಯಿಂದ ನೂಲು ಸುತ್ತುತ್ತಿದ್ದರು. ಹಗಲೆಲ್ಲ ಕೂತಲ್ಲೇ ಕೆಲಸ, ಕೂತಲ್ಲೇ ಆಳ್ವಿಕೆ. ಮಗ್ಗದ ಗದ್ದಲದಲ್ಲೂ ನನ್ನ ಕೈಯಿಂದ ಚಮಚ ಬಿದ್ದದ್ದು ಅವರಿಗೆ ಕೇಳುತ್ತಿತ್ತು. ಬಾಯಿ ಜೋರು, ಮನಸ್ಸು ಮೆತ್ತಗೆ. ನನ್ನ ನೌಕರಿಯ ಬಗ್ಗೆ ಅವರಿಗೆ ಬಹಳ ಹೆಮ್ಮೆಯಿತ್ತು, ನನ್ನೆದುರು ಮಾತ್ರ ಒಮ್ಮೆಯೂ ಹೇಳಲಿಲ್ಲ.

ಅವರಿಗೆ ಅರವತ್ತೈದು ದಾಟಿ ಹಲ್ಲುಗಳು ಒಂದೊಂದೇ ಬೀಳತೊಡಗಿದಾಗ ನಾನು ನನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಮುದುಕರ ಹೊಟ್ಟೆ ನಾಜೂಕು, ಹಗುರ ಊಟ ಕೊಡಬೇಕು ಎಂದು ತೀರ್ಮಾನಿಸಿದೆ. ರೊಟ್ಟಿ ತಪ್ಪಿಸಿ ಮೆತ್ತನ್ನ ಅನ್ನ. ಕಾಳು ವಾಯು, ಬೇಡ. ಶೇಂಗಾ ಪಿತ್ತ, ಬೇಡ. ಮೊಸರು ಕಫ, ಬೇಡ. ಉಳಿದದ್ದು ತಿಳಿಸಾರು. ಅದನ್ನೂ ಬಟ್ಟೆಯಲ್ಲಿ ಸೋಸಿ ಕೊಡುತ್ತಿದ್ದೆ. ನನ್ನಜ್ಜಿಯ ಕಾಲದಲ್ಲಿ ಬರೀ ರೂಢಿಯಾಗಿದ್ದನ್ನು ನಾನು ಶಾಸ್ತ್ರ ಮಾಡಿಬಿಟ್ಟೆ. ಓಣಿಯವರು, "ಟೀಚರ್ ತಮ್ಮ ಅತ್ತೀನ ಅಂಗೈಯಾಗ ಇಟ್ಕೊಂಡಾರ," ಎನ್ನುತ್ತಿದ್ದರು. ಕೇಳಿ ನಾನು ಉಬ್ಬುತ್ತಿದ್ದೆ.

ಅತ್ತೆಯೂ ಬೇಕು ಎನ್ನಲಿಲ್ಲ. ಒಮ್ಮೆ ಮರೆತು ಸೌಟು ಆಳಕ್ಕೆ ಹೋದರೆ ಅವರೇ ತಾಟಿಗೆ ಕೈ ಅಡ್ಡ ಹಿಡಿಯುತ್ತಿದ್ದರು. "ಅದು ಮಗ್ಗದ ಮುಂದ ನಿಂತು ದುಡಿಯಾವ್ರಿಗಿ ಇರಲಿ ಯವ್ವಾ. ನಾ ಏನ್ ಮಾಡತೇನಿ, ಕುಂತಲ್ಲೇ ಕುಂಡ್ರಾಕಿ. ನನಗ ತಿಳಿಯಷ್ಟ ಸಾಕು."

ಇತ್ತ ಶಾಲೆಯಲ್ಲಿ ಅದೇ ಕೈಯಿಂದ ಬೋರ್ಡಿನ ಮೇಲೆ 'ದೇಹ ಬೆಳೆಸುವ ಆಹಾರ' ಎಂದು ಬರೆದು, ಕೆಳಗೆ ಬೇಳೆ, ಕಾಳು, ಹಾಲು ಎಂದು ಪಟ್ಟಿ ಮಾಡುತ್ತಿದ್ದೆ. ಬೆಳೆಯುವುದು ಮುಗಿದವರಿಗೆ ಏನು ಎಂದು ಯಾವ ಹುಡುಗಿಯೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಅತ್ತೆಗೆ ಒಬ್ಬಳೇ ತಂಗಿ, ಸಿದ್ದವ್ವ. ಬೀಳಗಿ ಕಡೆ ಹೊಳೆದಂಡೆಯ ಊರಿಗೆ ಕೊಟ್ಟಿದ್ದರು. ತಂದೆ ತಾಯಿ ಹೋದಮೇಲೆ ಆ ತಂಗಿಯ ಮನೆಯೇ ಅತ್ತೆಗೆ ತವರು. ಪ್ರತಿ ನಾಗರ ಪಂಚಮಿಗೆ ಶೇಂಗಾ ಉಂಡೆ, ತಂಬಿಟ್ಟಿನ ಉಂಡೆ ಕಟ್ಟಿಕೊಂಡು, ಜಮಖಂಡಿಯಲ್ಲಿ ಬಸ್ಸು ಬದಲಿಸಿ ಹೋಗುತ್ತಿದ್ದರು. ನಾಲ್ಕು ದಿನ ಇದ್ದು ಬರುವಾಗ ದನಿ ಬಿದ್ದಿರುತ್ತಿತ್ತು, ಅಷ್ಟು ಮಾತು. ಆಣೆಕಟ್ಟಿನ ಹಿನ್ನೀರು ಬಂದು ಆ ಊರು ಖಾಲಿಯಾಯಿತು. ಎಲ್ಲರಿಗೂ ದಿಬ್ಬದ ಮೇಲೆ ಹೊಸ ಜಾಗದಲ್ಲಿ ಮನೆ ಕೊಟ್ಟರು. ಆ ಹೊಸ ಮನೆಗೂ ಅತ್ತೆ ಎರಡು ಸಲ ಹೋಗಿಬಂದರು. ಆಮೇಲೆ ಒಂದು ಪಂಚಮಿಗೆ ಉಂಡೆಯ ಗಂಟು ಹೊತ್ತು ಹೊರಟವರು ಮಧ್ಯಾಹ್ನದ ಹೊತ್ತಿಗೆ ಜಮಖಂಡಿಯಿಂದಲೇ ಆಟೋ ಮಾಡಿಕೊಂಡು ತಿರುಗಿ ಬಂದರು.

"ಯಾಕ್ರಿ ಅತ್ತಿ, ಏನಾತು?" ಎಂದು ಕೇಳಿದೆ.

"ಆ ಹೊಸಾ ಊರ ನನಗ ಸೇರೂದಿಲ್ಲ. ಒಂದ ಗಿಡಾ ಇಲ್ಲ, ನೆರಳ ಇಲ್ಲ," ಎಂದು ಗಂಟನ್ನು ನನ್ನ ಕೈಗಿತ್ತು ರಾಟೆಯ ಮುಂದೆ ಕೂತರು.

ಆಮೇಲೆ ಹೋಗಲೇ ಇಲ್ಲ. ನಾಲ್ಕು ವರ್ಷ. ಸಿದ್ದವ್ವ ಚಿಕ್ಕತ್ತೆ ಸಂತೆಗೆ ಬಂದವರ ಕೈಯಲ್ಲಿ ಹೇಳಿ ಕಳಿಸಿದಳು, ನಾವು ನೀರಿಗೆ ಮನೆ ಕೊಟ್ಟವರು, ಈಗ ಅಕ್ಕನ ಕಣ್ಣಿಗೆ ಕಾಣುತ್ತೇವೆಯೇ ಎಂದು. ಅತ್ತೆ ಕೇಳಿಸಿಕೊಂಡು ನೂಲು ಸುತ್ತುತ್ತ ಕೂತರು. ಹಾಗಾದರೆ ಸಿದ್ದವ್ವನಾದರೂ ಒಮ್ಮೆ ಬರಬಾರದೇ ಎಂದು ಮನೆಯವರಿಗೂ ಸಿಟ್ಟು. ಒಡಹುಟ್ಟಿದವರ ನಡುವೆ ಏನೋ ಮನಸ್ತಾಪ ಬಂದಿದೆ ಎಂದು ನಾವು ಆ ವಿಷಯ ತೆಗೆಯುವುದನ್ನೇ ಬಿಟ್ಟೆವು.

ಒಂದು ಸಲ ಅತ್ತೆಗೆ ಕೆಮ್ಮು ಹತ್ತಿ ಬಿಡಲಿಲ್ಲ. ನೆರೆಮನೆಯವರ ಕಾರು ಜಮಖಂಡಿಗೆ ಹೊರಟಿತ್ತು, ಅದರಲ್ಲೇ ಕೂರಿಸಿಕೊಂಡು ಒಬ್ಬ ಡಾಕ್ಟರಮ್ಮನ ಹತ್ತಿರ ಹೋದೆವು. ಆಕೆ ಎದೆ ಪರೀಕ್ಷೆ ಮಾಡಿ, ಕೆಮ್ಮಿಗೆ ಔಷಧ ಬರೆದರು. ನಾವು ಏಳಬೇಕು ಎನ್ನುವಾಗ, "ಅಜ್ಜೀ, ಕೈ ಊರಲಾರದ ಎದ್ದ ನಿಂದರ್ರಿ ನೋಡೂಣು," ಎಂದರು.

ಅತ್ತೆ ಎರಡು ಸಲ ಪ್ರಯತ್ನಿಸಿದರು. ಸ್ಟೂಲಿನಿಂದ ಒಂದು ಗೇಣು ಎದ್ದವರು ಮತ್ತೆ ಕುಳಿತುಬಿಟ್ಟರು. ಡಾಕ್ಟರಮ್ಮ ಅವರ ಸೀರೆಯ ಮೇಲಿಂದಲೇ ತೊಡೆ ಒತ್ತಿ ನೋಡಿ ನನ್ನ ಕಡೆ ತಿರುಗಿದರು.

"ಊಟಕ್ಕ ಏನ ಕೊಡತೀರಿ?"

ನಾನು ಇದೇ ಪ್ರಶ್ನೆಗೆ ಕಾದಿದ್ದವಳಂತೆ ಹೇಳಿದೆ. "ಭಾಳ ಹಗುರ್ರಿ ಡಾಕ್ಟರ್. ಮೆತ್ತನ್ನ ಅನ್ನ, ಸೋಸಿದ ತಿಳಿಸಾರು. ಕಾಳು ಗೀಳು ಮುಟ್ಟಸೂದಽ ಇಲ್ಲ."

"ಎಷ್ಟ ವರ್ಷದಿಂದ?"

"ಏಳೆಂಟ ವರ್ಷ ಆತ್ರಿ."

"ನೀವು ಏನ ಕೆಲಸ ಮಾಡತೀರಿ?"

"ಟೀಚರ್ ಅದೀನ್ರಿ. ವಿಜ್ಞಾನ."

ಡಾಕ್ಟರಮ್ಮ ತಲೆ ತಗ್ಗಿಸಿ ಚೀಟಿಯ ಮೇಲೆ ಬಹಳ ಹೊತ್ತು ಏನೋ ಬರೆದರು. ನಗು ತಡೆದುಕೊಂಡರೋ, ಸಿಟ್ಟು ತಡೆದುಕೊಂಡರೋ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಸಾವಕಾಶವಾಗಿ ಹೇಳಿದರು. ವಯಸ್ಸಾದಂತೆ ಮಾಂಸಖಂಡ ತಾನಾಗಿಯೇ ಸವೆಯುತ್ತದೆ, ಅದಕ್ಕೇ ಆಗ ಬೇಳೆ ಕಾಳು ಹಾಲು ಹೆಚ್ಚು ಬೇಕು, ಕಡಿಮೆಯಲ್ಲ. ನೀವು ಕೊಡುತ್ತಿರುವುದು ನೀರು. ಬರೀ ತಿಂದರೂ ಸಾಲದು, ಕಾಲಿಗೆ ಕೆಲಸ ಬೇಕು. ನನ್ನ ಯಾವುದಾದರೂ ವಿದ್ಯಾರ್ಥಿನಿ ಅಲ್ಲಿ ನರ್ಸ್ ಆಗಿದ್ದಾಳೇನೋ ಎಂದು ಸುತ್ತ ನೋಡಿದೆ.

ತಿರುಗಿ ಬರಲು ಕಾರಿರಲಿಲ್ಲ. ಜಮಖಂಡಿ ಬಸ್‌ಸ್ಟ್ಯಾಂಡಿಗೆ ಬಂದೆವು. ಬನಹಟ್ಟಿ ಬಸ್ಸು ಬಂತು. ಅತ್ತೆ ಬಾಗಿಲ ಹತ್ತಿರ ಹೋಗಿ ಪಕ್ಕಕ್ಕೆ ಸರಿದು ನಿಂತರು. "ಮದ್ಲ ಎಲ್ಲಾರೂ ಹತ್ತಲಿ," ಎಂದರು. ಎಲ್ಲರೂ ಹತ್ತಿದರು, ಬಸ್ಸು ಹೊರಟಿತು. ಮುಂದಿನ ಬಸ್ಸಿಗೂ ಹಾಗೇ. ಮೂರನೆಯದು ಬಂದಾಗ ನಾನು ಬಸ್ಸು ನೋಡಲಿಲ್ಲ, ಅವರನ್ನು ನೋಡಿದೆ. ಅವರ ಕಣ್ಣು ಬಾಗಿಲಿನ ಮೊದಲ ಮೆಟ್ಟಿಲ ಮೇಲೆ ನೆಟ್ಟಿತ್ತು. ಆ ಮೆಟ್ಟಿಲು ಎಷ್ಟು ಎತ್ತರವಿರುತ್ತದೆ ಎಂಬುದನ್ನು ನಾನು ಮೊದಲ ಸಲ ಕಂಡೆ.

"ಅತ್ತಿ, ಹತ್ತಾಕ ಆಗೂದಿಲ್ಲೇನ್ರಿ?"

ಅವರು ಕಲ್ಲುಬೆಂಚಿನ ಮೇಲೆ ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದರು. "ನಾಕ ವರ್ಷದ ಹಿಂದ, ಪಂಚಮಿಗಿ ಹೊಂಟಾಗ ಇಲ್ಲೇ, ಬೀಳಗಿ ಬಸ್ಸಿಗಿ, ಕಾಲ ಎತ್ತೇನಿ, ಬರವಲ್ದು. ಬನಹಟ್ಟ್ಯಾಗ ಕಂಬಿ ಹಿಡದ ಹ್ಯಾಂಗೋ ಹತ್ತಿದ್ದೆ. ಕಂಡಕ್ಟರ್ ಮ್ಯಾಲಿಂದ ರಟ್ಟಿ ಹಿಡದ ಜಗ್ಗಿದ. ಕೆಳಗಿಂದ ಯಾವನೋ ಗಂಡಸ ಹಿಂದ ಕೈ ಹಚ್ಚಿ ನೂಕಿದ. ಸೆರಗ ಜಾರಿತು. ಮಂದಿ ನಕ್ಕರು. ನಾ ಇಳದ ಬಂದಬಿಟ್ಟೆ."

"ನಮಗ್ಯಾಕ ಹೇಳಲಿಲ್ರಿ?"

"ಏನಂತ ಹೇಳ್ಲಿ?"

ಹೊಸ ಊರು ಸೇರುವುದಿಲ್ಲ ಎಂದು ನಾಲ್ಕು ವರ್ಷ ತಂಗಿಯ ಬೈಗುಳ ತಿಂದು ಕೂತಿದ್ದರು ಈ ಹೆಂಗಸು, ಒಂದು ಮೆಟ್ಟಿಲಿಗಾಗಿ. ನಾನು ಅಳುತ್ತಿದ್ದೆ. ಅವರು, "ಏ, ಮಂದಿ ನೋಡತಾರ, ಮೂಗ ಒರಸಿಕೋ," ಎಂದು ಗದರಿಸಿದರು.

ಆಟೋ ಮಾಡಿಕೊಂಡು ಮನೆಗೆ ಬಂದೆವು. ಮನೆಯವರು ಸಂಗತಿ ಕೇಳಿ, "ಅವ್ವಾ, ನಾಳೆನೇ ಕಾರ್ ಮಾಡತೇನಿ, ಚಿಗವ್ವನ ಮನಿಗಿ ಹೋಗಿ ಬಾ," ಎಂದರು.

"ಹೊತ್ತಗೊಂಡ ಹೋಗಾಕ ನಾ ಇನ್ನೂ ಹೆಣಾ ಆಗಿಲ್ಲ," ಎಂದರು ಅತ್ತೆ. "ಹ್ವಾದ್ರ ಬಸ್ಸಿಗಿ ಹೋಗತೇನಿ. ಅಕಿ ಮನಿ ಮುಂದ ನನ್ನ ಕಾಲ ಮ್ಯಾಲ ನಾ ಇಳಿಯಾಕಿ."

ಹಟಕ್ಕೆ ಬಿದ್ದರೆ ಅವರೇ. ಮರುದಿನದಿಂದ ನಮ್ಮ ಮನೆಯಲ್ಲಿ ಸೌಟು ತಳ ಕಂಡಿತು. ಹಲ್ಲಿಲ್ಲದ್ದಕ್ಕೆ ಮೊಳಕೆ ಬಂದ ಮಡಕಿಕಾಳನ್ನು ಬೇಯಿಸಿ ಹಿಸುಕಿ ಕೊಟ್ಟೆ. ಬೆಳಿಗ್ಗೆ ಹಾಲಿಗೆ ಹುರಿಗಡಲೆ ಹಿಟ್ಟು ಕದಡಿ ಒಂದು ಬಟ್ಟಲು. ಮಧ್ಯಾಹ್ನ ಗಟ್ಟಿ ಬೇಳೆಗೆ ರೊಟ್ಟಿ ಮುರಿದು ನೆನೆಸಿ, ಮೇಲೆ ಮೊಸರು. ಸಂಜೆಗೆ ಕಡಲೆಹಿಟ್ಟಿನ ಝುಣಕ. ತತ್ತಿ ಒಳ್ಳೆಯದು ಎಂದಿದ್ದರು ಡಾಕ್ಟರಮ್ಮ. "ಅಕಿ ತನ್ನ ಮನ್ಯಾಗ ಬೇಯಿಸ್ಕೊಂಡ ತಿನ್ನಲಿ," ಎಂದು ಅತ್ತೆ ಅದನ್ನು ಅಲ್ಲಿಗೇ ಮುಗಿಸಿದರು. ಮೊದಲ ಹದಿನೈದು ದಿನ ಹೊಟ್ಟೆ ಉಬ್ಬಿ ಬಹಳ ತ್ರಾಸು. ಆಗ ಆಗುವ ಸದ್ದುಗಳನ್ನು ಎರಡು ಪವರ್‌ಲೂಮುಗಳು ಮುಚ್ಚಿಹಾಕಿ ಮನೆಯ ಮರ್ಯಾದೆ ಉಳಿಸಿದವು. ಆಮೇಲೆ ಹೊಟ್ಟೆಯೂ ರೂಢಿಯಾಯಿತು. ಆದರೆ ಪ್ರತಿ ಊಟಕ್ಕೂ ಜಗಳ. ದುಡಿಯುವ ಮಗನಿಗಿಂತ ತನ್ನ ತಾಟು ಗಟ್ಟಿಯಾಗಿದೆ ಎಂಬುದು ಅವರಿಗೆ ನುಂಗಲಾರದ ತುತ್ತಾಗಿತ್ತು. ಮನೆಯವರು ತಾಯಿಯ ಪಕ್ಕವೇ ಊಟಕ್ಕೆ ಕೂತು, ತಮ್ಮ ತಾಟು ತೋರಿಸಿ ತೋರಿಸಿ ತಿನ್ನಬೇಕಾಯಿತು.

ನಮ್ಮ ಮನೆಯವರು ಮಾತು ಕಡಿಮೆಯ ಮನುಷ್ಯ. ಒಂದು ದಿನ ಸೀರೆ ಅಳೆಯುವ ಮೀಟರ್ ಪಟ್ಟಿ ಹಿಡಿದು ಹೊರಗೆ ಹೋದರು. ಬಸ್‌ಸ್ಟ್ಯಾಂಡಿನಲ್ಲಿ ನಿಂತ ಬಸ್ಸಿನ ಮೆಟ್ಟಿಲಿಗೆ ಪಟ್ಟಿ ಹಚ್ಚಿ ಬಗ್ಗಿ ಅಳೆಯುತ್ತಿದ್ದಾಗ ಡ್ರೈವರ್ ಇಳಿದು ಬಂದು, "ಏನ್ರಿ, ಗಾಡಿ ಖರೀದಿ ಮಾಡತೀರೇನು?" ಎಂದನಂತೆ. "ಇಲ್ರಿ, ನಮ್ಮವ್ವ ಹತ್ತಬೇಕು," ಎಂದರಂತೆ ಇವರು. ಡ್ರೈವರ್ ತಾನೂ ಬಗ್ಗಿ ಪಟ್ಟಿಯ ಇನ್ನೊಂದು ತುದಿ ಹಿಡಿದುಕೊಂಡನಂತೆ. ಮನೆಗೆ ಬಂದು ಹಿತ್ತಲ ಗೋಡೆಗೆ ಇಟ್ಟಿಗೆ ಪೇರಿಸಿದರು, ಹಿಡಿಯಲು ಒಂದು ಕಬ್ಬಿಣದ ಸರಳು ನೆಟ್ಟರು. ಮೊದಲಿಗೆ ಒಂದೇ ಇಟ್ಟಿಗೆಯ ಎತ್ತರ. ಅತ್ತೆ ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ ಹತ್ತಿ ಇಳಿಯುತ್ತಿದ್ದರು, ಗೊಣಗುತ್ತ. ನಾನು ಶಾಲೆಯಿಂದ ಬಂದಾಗ, "ಆತು, ಇಪ್ಪತ್ತೂ ಆತು," ಎಂದು ಸುಳ್ಳು ಹೇಳುತ್ತಿದ್ದುದೂ ಉಂಟು. ಅವರ ಸುಳ್ಳು ಹಿಡಿಯುವುದು ಹೈಸ್ಕೂಲು ಮಕ್ಕಳ ಸುಳ್ಳು ಹಿಡಿದಷ್ಟೇ ಸುಲಭವಾಗಿತ್ತು. ಇನ್ನೊಂದು ವರಸೆ ಇಟ್ಟಿಗೆ ಏರಿದ್ದು ದೀಪಾವಳಿಯ ನಂತರ. ಶಾವಿಗೆ ಹೊಸೆಯುವ ಬಿಸಿಲುಗಾಲ ಬಂದಾಗ ಮೂರನೆಯದು. ಒಂದು ದಿನ ನೋಡುತ್ತೇನೆ, ರಾಟೆಯ ಮುಂದಿಂದ ಅವರು ಒಂದೇ ಕೈ ಊರಿ ಎದ್ದು ನೀರು ಕುಡಿಯಲು ಹೋಗುತ್ತಿದ್ದಾರೆ. ಅವರಿಗೆ ಅದು ಗೊತ್ತೇ ಆಗಿರಲಿಲ್ಲ. ನಾನೂ ಹೇಳಲಿಲ್ಲ, ದೃಷ್ಟಿಯಾದೀತೆಂದು. ವಿಜ್ಞಾನದ ಟೀಚರ್ ಎಂದು ಮತ್ತೆ ನೆನಪಿಸಬೇಡಿ.

ಪಂಚಮಿ ಬಂತು. ಉಂಡೆಯ ಗಂಟು ನಾನು ಹಿಡಿದೆ. ಬನಹಟ್ಟಿಯಲ್ಲೇ ಮೊದಲ ಪರೀಕ್ಷೆ. ಅತ್ತೆ ಸೀರೆಯನ್ನು ಮೊಣಕಾಲವರೆಗೆ ಎತ್ತಿ ಸಿಕ್ಕಿಸಿ, ಕಂಬಿ ಹಿಡಿದು, ಬಲಗಾಲು ಇಟ್ಟರು. ಮೇಲಿಂದ ಕಂಡಕ್ಟರ್ ಕೈ ಚಾಚಿದ.

"ಕೈ ತಗಿ ತಮ್ಮಾ," ಎಂದರು.

ಅವನು ತೆಗೆದ. ಒಂದು ಗಳಿಗೆ ಅವರ ಮೈಯೆಲ್ಲ ಆ ಒಂದು ಕಾಲಿನ ಮೇಲೆ ನಡುಗಿತು. ಆಮೇಲೆ ಮೇಲಿದ್ದರು. ಕಿಟಕಿಯ ಪಕ್ಕ ಕೂತು ಜಮಖಂಡಿಯವರೆಗೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಜಮಖಂಡಿಯಲ್ಲಿ ಬೀಳಗಿ ಬಸ್ಸನ್ನು ನನಗಿಂತ ಮೊದಲೇ ಹತ್ತಿ ನನಗೆ ಜಾಗ ಹಿಡಿದಿದ್ದರು.

ಸಿದ್ದವ್ವ ಚಿಕ್ಕತ್ತೆ ಪಡಸಾಲೆಯಲ್ಲಿ ಹಗ್ಗದ ಹೊರಸಿನ ಮೇಲೆ ಕೂತಿದ್ದಳು. ನಮ್ಮನ್ನು ಕಂಡಳು, ಏಳಲಿಲ್ಲ. ಮನೆಗೆ ಬಂದ ಅಕ್ಕನಿಗೆ ಎದ್ದು ನೀರು ಕೊಡದಷ್ಟು ಸಿಟ್ಟೇ ಎಂದುಕೊಂಡೆ.

"ಸೊಕ್ಕ ಇಳೀತೇನ ಅಕ್ಕಾ?" ಎಂದಳು.

"ಸೊಕ್ಕ ಅಲ್ಲಬೇ, ಕಾಲು," ಎಂದರು ಅತ್ತೆ, ಅವಳ ಪಕ್ಕ ಕೂತು. "ಬಸ್ ಹತ್ತಾಕ ಬರತಿದ್ದಿಲ್ಲ ನನಗ. ನಾಚಿಕಿ ಬಂದು ಯಾರ ಮುಂದೂ ಹೇಳಲಿಲ್ಲ."

ಚಿಕ್ಕತ್ತೆ ಅಕ್ಕನ ಮುಖವನ್ನೇ ನೋಡಿದಳು. "ಖರೆ?"

"ಖರೆ. ನೀನರೆ ಯಾಕ ಬರಲಿಲ್ಲ?"

ಚಿಕ್ಕತ್ತೆ ಮೊಣಕಾಲ ಮೇಲಿನ ಸೀರೆ ಎಳೆದುಕೊಂಡಳು. "ನಾ ಏನ್ ಬರಲಿ. ಈ ಹೊರಸಿನಿಂದ ಹಿತ್ತಲಿಗಿ ಹೋಗಬೇಕಂದ್ರ ನಮ್ಮ ಸೊಸಿ ಬಂದ ಎಬ್ಬಸಬೇಕು. ಹೇಳಿ ಕಳಸಾಕ ನನಗೂ ನಾಚಿಕಿ ಬಂತು. ಅದಕ್ಕ ಬೈದ ಕಳಿಸಿದೆ."

ಇಬ್ಬರೂ ಒಟ್ಟಿಗೇ ಅತ್ತರು. ಐದು ಪಂಚಮಿಗಳನ್ನು ಒಂದೇ ನಾಚಿಕೆ ಎರಡೂ ಕಡೆಯಿಂದ ತಿಂದುಹಾಕಿತ್ತು.

ನಾನು ಒಳಗೆ ಹೋದೆ. ಚಿಕ್ಕತ್ತೆಯ ಸೊಸೆ, ಚಟುವಟಿಕೆಯ ಹುಡುಗಿ, ಎಲ್ಲರಿಗೂ ತಾಟು ಹಚ್ಚುತ್ತಿದ್ದಳು. ನಿನ್ನ ಅತ್ತೆಗೆ ಏನು ಕೊಡುತ್ತೀ ಎಂದು ಕೇಳಿದೆ. "ಅವರಿಗಿ ಭಾಳ ಹಗುರ್ರಿ ಅಕ್ಕಾರ. ಮೆತ್ತನ್ನ ಅನ್ನ, ತಿಳಿಸಾರು. ನಾನಽ ಸೋಸಿ ಕೊಡತೇನಿ," ಎಂದಳು. ದನಿಯಲ್ಲಿ ನನ್ನದೇ ಹೆಮ್ಮೆ. ಬೈಯಲು ನನಗೆ ಯಾವ ಹಕ್ಕಿತ್ತು? ಒಲೆಯ ಮುಂದೆ ಅವಳ ಪಕ್ಕ ಕೂತು, ಡಾಕ್ಟರಮ್ಮನ ಮುಂದೆ ನನಗಾದ ಫಜೀತಿಯನ್ನು ಮೊದಲಿನಿಂದ ಹೇಳಿದೆ. ಕೇಳುತ್ತ ಕೇಳುತ್ತ ಅವಳ ಕಣ್ಣು ತುಂಬಿತು. ನನಗೆ ಬಂದದ್ದೂ ಅಂಥ ಅಳುವೇ ಆಗಿತ್ತು, ಗುರುತಾಯಿತು.

ನಾಲ್ಕು ದಿನ ಇದ್ದೆವು. ಹೊರಡುವ ದಿನ ಸೊಸೆ, "ನಮ್ಮ ಅತ್ತಿ ಹೊರಗ ಬರೂದಿಲ್ರಿ, ಕುಂತಲ್ಲಿಂದನ ಕಳಸತಾರ," ಎಂದಳು. ಅತ್ತೆ ತಂಗಿಯ ಕಾಲು ಮುಟ್ಟಿ ನೋಡಿ, "ತಿನ್ನಬೇಕಬೇ ನೀ," ಎಂದಷ್ಟೇ ಹೇಳಿ ಎದ್ದರು. ಚಿಕ್ಕತ್ತೆ ಎರಡೂ ಕೈ ಮುಂದೆ ಚಾಚಿದಳು.

"ಎಬ್ಬಸ ಅಕ್ಕಾ. ಬಾಗಲತನಾ ಬರತೇನಿ."

ನಾನೂ ಸೊಸೆಯೂ ಒಟ್ಟಿಗೇ ಮುಂದೆ ಹೆಜ್ಜೆಯಿಟ್ಟೆವು. ಅತ್ತೆ ನಮ್ಮತ್ತ ನೋಡಲೂ ಇಲ್ಲ. ಪಾದಗಳನ್ನು ಅಗಲಿಸಿ ಊರಿ, ತಂಗಿಯ ಎರಡೂ ರಟ್ಟೆ ಹಿಡಿದು, ಹಲ್ಲಿಲ್ಲದ ಬಾಯಿ ಬಿಗಿದು ಜಗ್ಗಿದರು. ಚಿಕ್ಕತ್ತೆ ಎದ್ದಳು. ಎದ್ದವಳು ಅಕ್ಕನ ಹೆಗಲಿಗೆ ಒರಗಿದಳು. ಇಬ್ಬರೂ ಹಾಗೇ ನಿಂತರು, ನಡುಗುತ್ತ, ಒಬ್ಬರನ್ನೊಬ್ಬರು ಹಿಡಿದುಕೊಂಡು.

ಹೊರಗೆ ಜಮಖಂಡಿ ಬಸ್ಸು ಬಂದು ಹಾರ್ನ್ ಹೊಡೆಯಿತು. ನಾನು ಬಾಗಿಲಿಗೆ ಹೋಗಿ, ನೀವು ಹೋಗ್ರಿ ಎಂದು ಕಂಡಕ್ಟರನಿಗೆ ಕೈಸನ್ನೆ ಮಾಡಿದೆ.